ಸ್ಪ್ಯಾನಿಷ್‌ನಲ್ಲಿ ‘ರೈಲು ಹೊರಟು ಹೋಗಿತ್ತು’ ಅನ್ನುವುದು ಹೇಗೆ?

ಪ್ಲುಸ್ಕ್ವಾಂಪೆರ್ಫೆಕ್ತೊ. ಹೆಸರು ಕೇಳಿ ಗಾಬರಿಯಾಗಬೇಡಿ, ಕೆಲಸ ಸುಲಭ. ನಡೆದುಹೋದ ಒಂದು ಸಂಗತಿಗಿಂತ ಮೊದಲೇ ಇನ್ನೊಂದು ಮುಗಿದಿತ್ತು ಅಂತ ಹೇಳಲು ಇದು ಬೇಕು. ‘ನಾನು ಸ್ಟೇಷನ್ ತಲುಪುವಷ್ಟರಲ್ಲಿ ರೈಲು ಹೊರಟು ಹೋಗಿತ್ತು’ ಅನ್ನುತ್ತೇವಲ್ಲ, ಆ ‘ಹೋಗಿತ್ತು’.

ಮೊದಲು ‘ಅಬೆರ್’ ಅನ್ನುವ ಸಹಾಯಕ ಕ್ರಿಯಾಪದದ ಈ ರೂಪಗಳನ್ನು ಬಾಯಿಪಾಠ ಮಾಡಿ. ನಾನು ಅಂದರೆ ಅಬೀಯಾ, ನೀನು ಅಂದರೆ ಅಬೀಯಾಸ್, ಅವನು, ಅವಳು, ತಾವು ಮೂವರಿಗೂ ಮತ್ತೆ ಅಬೀಯಾ. ನಾವು ಅಬೀಯಾಮೊಸ್, ಅವರು ಅಬೀಯಾನ್. ಸ್ಪೇನ್‌ನಲ್ಲಿ ಸಲುಗೆಯ ‘ನೀವೆಲ್ಲ’ಕ್ಕೆ ಅಬೀಯಾಯಿಸ್ ಅಂತ ಬೇರೆ ರೂಪವಿದೆ, ಲ್ಯಾಟಿನ್ ಅಮೆರಿಕದಲ್ಲಿ ಅಲ್ಲೂ ಅಬೀಯಾನ್ ಸಾಕು. ಬರೆಯುವಾಗ ಮೊದಲಿಗೆ ಎಚ್ ಬರುತ್ತದೆ, ಉಚ್ಚರಿಸುವುದಿಲ್ಲ. ‘ಐ’ ಮೇಲಿನ ಓರೆಗೆರೆ ಎಲ್ಲ ರೂಪಗಳಲ್ಲೂ ಇರಲೇಬೇಕು.

ಆಮೇಲೆ ಮುಖ್ಯ ಕ್ರಿಯಾಪದ. ಕೊನೆಯ ‘ಆರ್’ ತೆಗೆದು ‘ಆದೊ’ ಹಚ್ಚಿ: ಯೆಗಾರ್ (ತಲುಪು), ಯೆಗಾದೊ. ‘ಎರ್’, ‘ಇರ್’ ಇದ್ದರೆ ‘ಇದೊ’: ಕೊಮೆರ್ (ತಿನ್ನು), ಕೊಮಿದೊ, ಸಾಲಿರ್ (ಹೊರಡು), ಸಾಲಿದೊ. ಹಟಮಾರಿಗಳೂ ಇವೆ, ಇವನ್ನು ಸುಮ್ನೆ ನೆನಪಿಟ್ಟುಕೊಳ್ಳಬೇಕು: ಎಚೊ (ಮಾಡಿದ), ದಿಚೊ (ಹೇಳಿದ), ಬಿಸ್ತೊ (ನೋಡಿದ), ಎಸ್ಕ್ರಿತೊ (ಬರೆದ), ಪುಯೆಸ್ತೊ (ಇಟ್ಟ), ಬುಯೆಲ್ತೊ (ಮರಳಿದ), ಅಬಿಯೆರ್ತೊ (ತೆರೆದ), ರೊತೊ (ಮುರಿದ). ದಿನಬಳಕೆಯಲ್ಲಿ ಜಾಸ್ತಿ ಬರುವುದು ಇವೇ, ಹಾಗಾಗಿ ಇಲ್ಲಿ ಸೋಮಾರಿತನ ಬೇಡ.

ಎರಡನ್ನೂ ಜೋಡಿಸಿ: ಕ್ವಾಂದೊ ಯೆಗೆ ಆ ಲಾ ಎಸ್ತಾಸಿಯೊನ್, ಎಲ್ ತ್ರೆನ್ ಯಾ ಅಬೀಯಾ ಸಾಲಿದೊ. ‘ಯಾ’ ಅಂದರೆ ಆಗಲೇ. ಕನ್ನಡದಲ್ಲಿ ‘ಇತ್ತು’ ಕೊನೆಗೆ ಬಂದರೆ ಅಲ್ಲಿ ಅಬೀಯಾ ಮುಂದೆ ಬರುತ್ತದೆ. ಅಬೀಯಾ, ಸಾಲಿದೊ ಇವೆರಡರ ನಡುವೆ ಏನನ್ನೂ ತುರುಕಬೇಡಿ, ‘ಇಲ್ಲ’ ಅನ್ನುವ ‘ನೊ’, ‘ಅದನ್ನು’ ಅನ್ನುವ ‘ಲೊ’ ಎಲ್ಲ ಅಬೀಯಾಗಿಂತ ಮೊದಲೇ: ನೊ ಲೊ ಅಬೀಯಾ ಬಿಸ್ತೊ, ಅದನ್ನು ನೋಡಿರಲಿಲ್ಲ. ನಮ್ಮಲ್ಲಿ ಬಂದಿದ್ದ, ಬಂದಿದ್ದಳು ಅಂತ ಬೇರೆಬೇರೆ ಅಲ್ವಾ? ಅಲ್ಲಿ ಹೆಣ್ಣಿಗೂ ಗಂಡಿಗೂ ಯೆಗಾದೊ ಒಂದೇ. ಯಾರು ಅಂತ ಗೊಂದಲವಾಗುವ ಕಡೆ ಹೆಸರು ಹೇಳಿಬಿಡಿ.

ಕನ್ನಡಿಗರು ಎಡವುವುದು ರೂಪದಲ್ಲಿ ಅಲ್ಲ, ಬಳಕೆಯಲ್ಲಿ. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಅಂತ ನಾವು ಸಲೀಸಾಗಿ ಹೇಳುತ್ತೇವೆ, ಆಮೇಲೆ ಇನ್ನೇನು ನಡೆಯಿತು ಅನ್ನುವ ಹಂಗೇ ಬೇಕಿಲ್ಲ. ಅದನ್ನೇ ‘ಅಯೆರ್ ಅಬೀಯಾ ಇದೊ’ ಅಂತ ಹೇಳಿದರೆ ಕೇಳಿದವರು ‘ಯಾವುದಕ್ಕಿಂತ ಮೊದಲು?’ ಅಂತ ಕಾಯುತ್ತಾರೆ. ಅಲ್ಲಿ ‘ಅಯೆರ್ ಫುಯಿ ಆ ಮೈಸೂರು’ (ನಿನ್ನೆ ಮೈಸೂರಿಗೆ ಹೋದೆ) ಅಂದರೆ ಸರಿ.

ಇದಕ್ಕೆ ತದ್ವಿರುದ್ಧದ ತಪ್ಪೂ ಒಂದಿದೆ. ‘ಊಟ ಆಗಿದೆ ಅಂತ ಅಮ್ಮ ಹೇಳಿದಳು’ ಅನ್ನುವಾಗ ಅಮ್ಮನ ಮಾತನ್ನು ನಾವು ಹಾಗೇ ಇಡುತ್ತೇವೆ. ಸ್ಪ್ಯಾನಿಷ್‌ನಲ್ಲಿ ಹಾಗಲ್ಲ, ಹೇಳಿದ್ದು ಮುಗಿದ ಸಂಗತಿ, ಊಟ ಅದಕ್ಕೂ ಮೊದಲು, ಹಾಗಾಗಿ ಒಂದು ಹೆಜ್ಜೆ ಹಿಂದೆ ಹೋಗುವುದೇ ರೂಢಿ: ಮಿ ಮಾದ್ರೆ ದಿಹೊ ಕೆ ಯಾ ಅಬೀಯಾ ಕೊಮಿದೊ.