ಜೋಡಿ ಡಿಎನ್‌ಎ ಮತ್ತು ಲಾಗ್‌ಬುಕ್‌ನ ಖಾಲಿ ಸಾಲು

ನಾನು ಪಿಎಚ್‌ಡಿ ಮಾಡುವಾಗ ನಮ್ಮ ವಿಶ್ವವಿದ್ಯಾಲಯಕ್ಕೆಲ್ಲ ಇದ್ದದ್ದು ಒಂದೇ ಎಎಫ್‌ಎಂ, ಅಂದರೆ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್. ಫಿಸಿಕ್ಸ್, ಕೆಮಿಸ್ಟ್ರಿ, ಬಯೋಟೆಕ್ನಾಲಜಿ ಎಲ್ಲರಿಗೂ ಅದೇ. ನನಗೆ ಸಿಗುತ್ತಿದ್ದುದು ವಾರಕ್ಕೆ ಎರಡು ಸ್ಲಾಟ್, ತಲಾ ನಾಲ್ಕು ಗಂಟೆ.

1986ರಲ್ಲಿ ಬಿನಿಗ್, ಕ್ವೇಟ್, ಗರ್ಬರ್ ಎಂಬ ಮೂವರು ಪರಿಚಯಿಸಿದ ಈ ಯಂತ್ರ ಮುಟ್ಟಿ ನೋಡುತ್ತದೆ. ಸಣ್ಣ ಪಟ್ಟಿಯ ತುದಿಯಲ್ಲಿ ಸೂಜಿಯಂಥ ಟಿಪ್. ಅದು ಸ್ಯಾಂಪಲ್ ಮೇಲೆ ಸಾಲು ಸಾಲಾಗಿ ಓಡಾಡಿ ಏರಿಳಿತವನ್ನು ಚಿತ್ರ ಮಾಡುತ್ತದೆ.

ನನ್ನ ಕೆಲಸ ಡಿಎನ್‌ಎ ನೋಡುವುದು. ಡಿಎನ್‌ಎಯನ್ನು ಮೈಕಾ ಮೇಲೆ ಕೂರಿಸಬೇಕು. ನಮ್ಮೂರಲ್ಲಿ ಕಾಗೆಬಂಗಾರ ಅಂತೀವಲ್ಲ, ಅದೇ. ಸೆಲೋಟೇಪ್ ಅಂಟಿಸಿ ಎಳೆದರೆ ಪದರ ಕಿತ್ತು ಬರುತ್ತದೆ, ಕೆಳಗೆ ಹೊಚ್ಚ ಹೊಸ ಮಟ್ಟಸ ಮೈ. ಟೇಪಿಗೆ ಪದರ ಇಡಿಯಾಗಿ ಬರುವ ತನಕ ಎಳೆಯಿರಿ, ಅರ್ಧಂಬರ್ಧ ಬಂದರೆ ಬಿಡಬೇಡಿ. ಮೈಕಾಗೂ ಋಣ ಚಾರ್ಜ್, ಡಿಎನ್‌ಎಗೂ ಋಣ ಚಾರ್ಜ್. ಸುಮ್ನೆ ಹಾಕಿದರೆ ಅಂಟುವುದಿಲ್ಲ. ನಡುವೆ ಮೆಗ್ನೀಸಿಯಂ ಬೇಕು. ನಾನು 10 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್‌ನಲ್ಲಿ ಡಿಎನ್‌ಎ ಬೆರೆಸಿ, ಒಂದು ಹನಿ ಬಿಟ್ಟು, ಎರಡು ನಿಮಿಷ ಕಾದು, ಶುದ್ಧ ನೀರಲ್ಲಿ ತೊಳೆದು, ನೈಟ್ರೋಜನ್ ಊದಿ ಒಣಗಿಸುತ್ತಿದ್ದೆ. ಸರಿಯಾಗಿ ತೊಳೆಯದಿದ್ದರೆ ಉಪ್ಪಿನ ಹರಳೇ ಕಾಣುತ್ತದೆ.

ಒಂದು ಸಲ ಚಿತ್ರದಲ್ಲಿ ಪ್ರತಿ ಡಿಎನ್‌ಎಯೂ ಜೋಡಿಯಾಗಿ ಕಂಡಿತು. ಪಕ್ಕಪಕ್ಕದಲ್ಲಿ ಒಂದೇ ಆಕಾರ. ನಾನು ಸ್ಯಾಂಪಲ್‌ನದೇ ತಪ್ಪು ಅಂದುಕೊಂಡೆ. ಡಿಎನ್‌ಎ ಬೆರೆಸುವ ದ್ರಾವಣ (ಬಫರ್) ಹೊಸದಾಗಿ ಮಾಡಿದೆ, ಡಿಎನ್‌ಎ ಮತ್ತೆ ಶುದ್ಧ ಮಾಡಿದೆ. ಎರಡು ವಾರ, ನಾಲ್ಕು ಸ್ಲಾಟ್ ಹೋಯಿತು. ಈಗಲೂ ನೆನೆಸಿಕೊಂಡರೆ ಬೇಸರ ಆಗುತ್ತದೆ.

ಲ್ಯಾಬ್ ನೋಡಿಕೊಳ್ಳುತ್ತಿದ್ದ ಮೇಡಂ ಚಿತ್ರ ನೋಡಿ ಕೇಳಿದರು: "ಎಲ್ಲ ಜೋಡಿಯೂ ಒಂದೇ ದಿಕ್ಕಿಗೆ ಇದೆ ಅಲ್ವಾ? ಮೈಕಾನ ತೊಂಬತ್ತು ಡಿಗ್ರಿ ತಿರುಗಿಸಿ ಇಟ್ಟು ನೋಡಿ." ತಿರುಗಿಸಿದೆ. ಡಿಎನ್‌ಎಗಳು ತಿರುಗಿದವು, ಆದರೆ ಪಕ್ಕದ ನಕಲು ನೆರಳಿನಂತೆ ಬೀಳುವ ದಿಕ್ಕು ಮಾತ್ರ ಹಾಗೇ ಇತ್ತು. ಅಂದರೆ ತಪ್ಪು ಡಿಎನ್‌ಎಯಲ್ಲಿ ಇರಲಿಲ್ಲ. ಟಿಪ್ ಮುರಿದು ಅದಕ್ಕೆ ಎರಡು ತುದಿ ಆಗಿತ್ತು. ನನಗಿಂತ ಮೊದಲು ಯಾರದೋ ಕೈಯಲ್ಲಿ ಟಿಪ್ ಗಟ್ಟಿ ಮೈಗೆ ಬಡಿದಿತ್ತು. ಅವರು ಅದನ್ನು ಅಲ್ಲೇ ಬಿಟ್ಟು ಹೋಗಿದ್ದರು. ಯಂತ್ರ ಬಳಸಿದವರೆಲ್ಲ ಬರೆಯಬೇಕಾದ ಲಾಗ್‌ಬುಕ್‌ನಲ್ಲಿ ಅವರ ಸಾಲು ಖಾಲಿ.

ನನಗೆ ಅವರ ಮೇಲೆ ಸಿಟ್ಟಿಲ್ಲ. ಟಿಪ್ ಬಡಿಯುವುದು ಎಲ್ಲರಿಗೂ ಆಗುತ್ತದೆ. ಬರೆದರೆ ಬೈಸಿಕೊಳ್ಳಬೇಕು ಅನ್ನುವ ಭಯ ಇದ್ದರೆ ಯಾರು ಬರೆಯುತ್ತಾರೆ?

ಮೇಡಂ ಹತ್ತಿರ ಮಾತಾಡಿ ಲಾಗ್‌ಬುಕ್‌ಗೆ ಒಂದು ಕಾಲಂ ಸೇರಿಸಿದೆವು: ಟಿಪ್ ಹೇಗಿದೆ? ಹಾಳಾಗಿದೆ ಅಂತ ಬರೆದವರನ್ನು ಯಾರೂ ಪ್ರಶ್ನಿಸಬಾರದು ಅಂತಲೂ ಮಾತಾಯಿತು. ನಾನು ಇನ್ನೊಂದು ಅಭ್ಯಾಸ ಮಾಡಿಕೊಂಡೆ. ಪ್ರತಿ ಸ್ಲಾಟ್‌ನಲ್ಲಿ ಮೊದಲು ಗೊತ್ತಿರುವ ಡಿಎನ್‌ಎ ನೋಡುವುದು. ಪಿಯುಸಿ19 ಎಂಬ ಪ್ಲಾಸ್ಮಿಡ್‌ನಲ್ಲಿ, ಅಂದರೆ ಉಂಗುರದಂಥ ಸಣ್ಣ ಡಿಎನ್‌ಎಯಲ್ಲಿ, 2,686 ಬೇಸ್ ಜೋಡಿ (ಡಿಎನ್‌ಎ ಏಣಿಯ ಮೆಟ್ಟಿಲು) ಇವೆ. ಒಂದಕ್ಕೆ 0.34 ನ್ಯಾನೋಮೀಟರ್ ಲೆಕ್ಕ ಹಾಕಿದರೆ, ಕತ್ತರಿಸಿ ನೇರ ಮಾಡಿದ ಎಳೆ ಸುಮಾರು 913 ನ್ಯಾನೋಮೀಟರ್ ಉದ್ದ ಬರಬೇಕು. ಅದರ ಹತ್ತಿರ ಬಂದರೆ ಮುಂದಿನ ಕೆಲಸ. ಎತ್ತರ ಡಿಎನ್‌ಎ ದಪ್ಪದಷ್ಟು, ಅಂದರೆ 2 ನ್ಯಾನೋಮೀಟರ್, ಬರಲಿಲ್ಲ ಅಂತ ಗಾಬರಿ ಬೇಡ, ಒಣಗಿದ ಡಿಎನ್‌ಎ ಅದಕ್ಕಿಂತ ಕಡಿಮೆಯೇ ತೋರುತ್ತದೆ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಲಾಗ್‌ಬುಕ್ ತೆರೆದೆ. ಹಿಂದಿನ ರಾತ್ರಿ ಕೆಮಿಸ್ಟ್ರಿಯ ಹುಡುಗಿಯೊಬ್ಬಳು ಬರೆದಿದ್ದಳು: "ಟಿಪ್ ಬಡಿಯಿತು. ತೆಗೆದಿದ್ದೇನೆ. ಹೊಸದು ಹಾಕಿಕೊಳ್ಳಿ." ಹಾಕಿಕೊಂಡೆ. ಅವತ್ತು ಮೊದಲ ಸ್ಕ್ಯಾನ್‌ನಲ್ಲೇ ಎಳೆಗಳು ಒಂಟೊಂಟಿಯಾಗಿ, ಸ್ಪಷ್ಟವಾಗಿ ಕಂಡವು.