ಕಾಲ್ಮರಿ ಕೇಳಿಕೊಂಡು ಬಂದ ದೆವ್ವ

ಹೋದ ವರ್ಷ ಜಾತ್ರೆ ನಾಟಕಕ್ಕೆ ನಮ್ಮ ಓಣಿಯ ಹುಡುಗರು ಡ್ರಾಕುಲಾನೇ ಬೇಕು ಅಂತ ಹಟ ಹಿಡಿದರು. ಗುಳೇದಗುಡ್ಡದಲ್ಲಿ ನಮ್ಮದು ಖಣ ನೇಯುವ ಮನೆ. ಹಗಲು ಮಗ್ಗ, ರಾತ್ರಿ ತಾಲೀಮು. ಹದಿನೈದು ವರ್ಷದಿಂದ ಓಣಿಯ ತಂಡಕ್ಕೆ ನಾಟಕ ಬರೆದುಕೊಡುತ್ತಿದ್ದೇನೆ. ಅತ್ತೆ-ಸೊಸೆ ಜಗಳ, ಅಣ್ಣ-ತಮ್ಮರ ಹೊಲದ ವ್ಯಾಜ್ಯ, ಇಂಥವನ್ನೇ ಬರೆದ ಕೈ ನನ್ನದು. ರಕ್ತ ಕುಡಿಯುವ ದೆವ್ವ ನನಗೆ ಹೊಸದು. ಆದರೂ ಒಪ್ಪಿಕೊಂಡೆ. ಹುಡುಗರು ತಾವಾಗಿಯೇ ಬಂದು ನಾಟಕ ಬರೆದುಕೊಡಿ ಅಂತ ಕೇಳುವುದು ಈಗ ಎಲ್ಲಿದೆ?

ಮೊದಲು ಸಿನಿಮಾದಲ್ಲಿ ನೋಡಿದ್ದನ್ನೇ ಬರೆದೆ. ಕರಿ ನಿಲುವಂಗಿ, ಕೋರೆಹಲ್ಲು, ಬಿಳಿಚಿದ ಮುಖ, ಶವಪೆಟ್ಟಿಗೆ. ಮೂರನೇ ದಿನದ ತಾಲೀಮಿನಲ್ಲಿ ಪೆಟ್ಟಿಗೆಯ ಮುಚ್ಚಳ ಸರಿಸಿ ನಮ್ಮ ಸೋದರಮಾವನ ಮಗ ಎದ್ದು ಬಂದ. ಎದುರಿಗೆ ಕೂತಿದ್ದ ಸಣ್ಣ ಮಕ್ಕಳು ಸುಮ್ನೆ ನೋಡುತ್ತಾ ಕೂತರು. ಒಬ್ಬರಿಗೂ ಅಂಜಿಕೆ ಆಗಲಿಲ್ಲ. ನಮ್ಮ ಆಯಿ ಮಾತ್ರ ಒಂದು ಮಾತು ಕೇಳಿದಳು: "ಅಂವ ಪೆಟಗ್ಯಾಗ ಯಾಕ ಮಲಗ್ಯಾನಪಾ?"

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಯಿ ಕೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ಓಣಿಯಲ್ಲಿ ಹೆಣವನ್ನು ಪೆಟ್ಟಿಗೆಯಲ್ಲಿ ಮಲಗಿಸಿದ್ದನ್ನು ಕಂಡವರೇ ಇಲ್ಲ. ಲಿಂಗಾಯತರ ಮನೆಯಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಕೊಡುತ್ತಾರೆ. ಬೇರೆ ಮನೆಗಳಲ್ಲಿ ಸುಡುತ್ತಾರೆ, ಇಲ್ಲವೇ ಬಟ್ಟೆ ಸುತ್ತಿ ಹೂಳುತ್ತಾರೆ. ಕಾಣದ ಪೆಟ್ಟಿಗೆಗೆ ಯಾರು ಅಂಜಬೇಕು? ಬರೆದದ್ದನ್ನು ಪಕ್ಕಕ್ಕಿಟ್ಟೆ. ಈ ರಕ್ತ ಹೀರುವವನು ಮೂಲದಲ್ಲಿ ಯಾರು, ಯಾವ ಊರಿನವನು ಅಂತ ಓದಲು ಶುರು ಮಾಡಿದೆ. ಎರಡು ತಿಂಗಳು ಅದೇ ಗುಂಗು.

ಓದಿದಾಗ ನನಗೆ ಜಾಸ್ತಿ ಹಿಡಿಸಿದ್ದು ಸರ್ಬಿಯಾದ ಹಳ್ಳಿಗಳ ಸುದ್ದಿ. 1725ರಲ್ಲಿ ಕಿಸಿಲೆವೊ ಅನ್ನುವ ಹಳ್ಳಿಯಲ್ಲಿ ಪೀಟರ್ ಬ್ಲಗೊಯೆವಿಚ್ ಎಂಬ ರೈತ ತೀರಿಕೊಂಡ. ಆಮೇಲೆ ಒಂದೇ ವಾರದಲ್ಲಿ ಊರಿನ ಒಂಬತ್ತು ಜನ ಸತ್ತರು. ಸಾಯುವ ಮುಂಚೆ ಅವರೆಲ್ಲ ಒಂದೇ ಮಾತು ಹೇಳಿದರು: ಪೀಟರ್ ರಾತ್ರಿ ಬಂದು ಮೈಮೇಲೆ ಬಿದ್ದು ಕುತ್ತಿಗೆ ಹಿಚುಕಿದ. ಅವನ ಹೆಂಡತಿ ಹೇಳಿದ್ದು ಇನ್ನೊಂದು. ಗಂಡ ಮನೆಗೆ ಬಂದು ತನ್ನ ಕಾಲ್ಮರಿ, ಅಂದರೆ ಚಪ್ಪಲಿ, ಕೇಳಿದನಂತೆ. ಆಕೆ ಊರನ್ನೇ ಬಿಟ್ಟು ಹೋದಳು. ಆಗ ಆ ಸೀಮೆ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. ಸರ್ಕಾರಿ ಅಧಿಕಾರಿಯ ಎದುರಿಗೇ ಗೋರಿ ಅಗೆದರು. ಹೆಣ ಕೊಳೆತಿರಲಿಲ್ಲ, ಬಾಯಲ್ಲಿ ರಕ್ತ ಇತ್ತು ಅಂತ ಆತ ಮೇಲಿನವರಿಗೆ ವರದಿ ಬರೆದ. ಊರವರು ಎದೆಗೆ ಗೂಟ ಹೊಡೆದು ಸುಟ್ಟರು.

ಕಾಲ್ಮರಿ! ಈ ಒಂದು ಶಬ್ದಕ್ಕೆ ನನ್ನ ಮೈ ಜುಂ ಅಂತು. ರಕ್ತ ಬೇಡಿದ್ದರೆ ಅದು ಕಥೆ ಆಗುತ್ತಿತ್ತು. ಸತ್ತವನು ಬಾಗಿಲಲ್ಲಿ ನಿಂತು ಕಾಲ್ಮರಿ ಕೇಳಿದರೆ ಅದು ನಮ್ಮ ಮನೆಯ ಬಾಗಿಲೇ ಆಗಿಬಿಡುತ್ತದೆ ಅಲ್ವಾ?

ಇನ್ನೊಂದು ವಿಷಯವೂ ಆಗ ಗೊತ್ತಾಯಿತು. ಆ ಹಳ್ಳಿಗಳ ದೆವ್ವ ಬೆಳ್ಳಗೆ, ತೆಳ್ಳಗೆ, ಸಾಹುಕಾರನ ಠೀವಿಯಲ್ಲಿ ಇರಲೇ ಇಲ್ಲ. ಅವನು ಮಾಮೂಲಿ ರೈತ. ಮೈ ಊದಿಕೊಂಡಿರುತ್ತದೆ, ಮುಖ ಕೆಂಪೇರಿರುತ್ತದೆ, ಚೆನ್ನಾಗಿ ಉಂಡವನ ಹಾಗೆ ಕಾಣುತ್ತಾನೆ. ಅದಕ್ಕೆ ಕಾರಣ ಇದೆ. ಹೂತ ಹೆಣದ ಒಳಗೆ ಗಾಳಿ ತುಂಬಿ ಹೊಟ್ಟೆ ಉಬ್ಬುತ್ತದೆ. ಆ ಒತ್ತಡಕ್ಕೆ ಕಪ್ಪುಗೆಂಪು ದ್ರವ ಬಾಯಿಂದ ಹೊರಗೆ ಬರುತ್ತದೆ. ಚರ್ಮ ಹಿಂದಕ್ಕೆ ಸರಿಯುವುದರಿಂದ ಉಗುರು ಬೆಳೆದ ಹಾಗೆ ಕಾಣುತ್ತದೆ. ಮನೆಯಲ್ಲಿ ಒಬ್ಬರ ಹಿಂದೆ ಒಬ್ಬರು ಸಾಯುತ್ತಿರುವಾಗ ಗೋರಿ ತೆಗೆದು ನೋಡಿದವರಿಗೆ ಬೇರೆ ಏನು ಅನ್ನಿಸಬೇಕು? ಅಮೆರಿಕದ ರೋಡ್ ಐಲೆಂಡ್‌ನಲ್ಲಿ 1892ರಲ್ಲೂ ಹೀಗೇ ಆಯಿತು. ಮರ್ಸಿ ಬ್ರೌನ್ ಎಂಬ ಹುಡುಗಿಯ ಗೋರಿ ಅಗೆದು, ಹೃದಯ ತೆಗೆದು ಸುಟ್ಟು, ಆ ಬೂದಿಯನ್ನು ನೀರಲ್ಲಿ ಕಲಸಿ ಅವಳ ಅಣ್ಣನಿಗೆ ಕುಡಿಸಿದರು. ಆ ಮನೆಯನ್ನು ತಿನ್ನುತ್ತಿದ್ದದ್ದು ಕ್ಷಯ. ಅಣ್ಣನೂ ಉಳಿಯಲಿಲ್ಲ. ಇದನ್ನು ಓದಿದ ದಿನ ನನಗೆ ಮಗ್ಗದ ಮೇಲೆ ಕೂರಲು ಮನಸ್ಸಾಗಲಿಲ್ಲ.

ಹಾಗಾದರೆ ಈ ಸಾಹುಕಾರ ಡ್ರಾಕುಲಾ ಎಲ್ಲಿಂದ ಬಂದ? 1816ರ ಬೇಸಿಗೆಯಲ್ಲಿ ಜಿನೀವಾ ಸರೋವರದ ದಂಡೆಯ ಒಂದು ಮನೆಯಲ್ಲಿ, ಬಿಡದ ಮಳೆಯಲ್ಲಿ ಕೆಲವು ಗೆಳೆಯರು ದೆವ್ವದ ಕಥೆ ಕಟ್ಟಲು ಕೂತರು. ಕವಿ ಬೈರನ್ನನ ಡಾಕ್ಟರ್ ಆಗಿದ್ದ ಪಾಲಿಡೋರಿ ಕೂಡ ಅಲ್ಲಿದ್ದ. ಅವನ ಕಥೆ 1819ರಲ್ಲಿ ಅಚ್ಚಾಯಿತು. ಕೆಂಪು ಮುಖದ ರೈತ ಹೋಗಿ, ಊಟದ ಕೂಟಗಳಲ್ಲಿ ಹೆಣ್ಣುಮಕ್ಕಳ ಮನಸ್ಸು ಕದಿಯುವ ಶ್ರೀಮಂತ ಬಂದದ್ದು ಅಲ್ಲಿಂದ. 1872ರಲ್ಲಿ ಐರ್ಲೆಂಡಿನ ಲೆ ಫಾನು ಹೆಣ್ಣು ರಕ್ತಪಿಪಾಸಿಯನ್ನು ಬರೆದ. 1897ರಲ್ಲಿ ಬ್ರಾಮ್ ಸ್ಟೋಕರ್ ಡ್ರಾಕುಲಾ ಕಾದಂಬರಿ ಬರೆದ.

ಸ್ಟೋಕರ್ ನಮ್ಮ ಕಸುಬಿನವನೇ ಅಂತ ಗೊತ್ತಾದಾಗ ಬಹಳ ಖುಷಿ ಆಯಿತು. ಲಂಡನ್ನಿನ ಲೈಸಿಯಂ ನಾಟಕ ಮಂದಿರದ ಮ್ಯಾನೇಜರ್ ಆಗಿ 27 ವರ್ಷ ದುಡಿದವನು. ಟ್ರಾನ್ಸಿಲ್ವೇನಿಯಾಕ್ಕೆ ಒಂದು ಸಲವೂ ಹೋದವನಲ್ಲ. ಡ್ರಾಕುಲಾ ಎಂಬ ಹೆಸರು ಸಿಕ್ಕಿದ್ದು 1890ರಲ್ಲಿ, ವಿಟ್‌ಬಿ ಊರಿನ ಲೈಬ್ರರಿಯ ಒಂದು ಹಳೇ ಪುಸ್ತಕದಲ್ಲಿ. ಅವನ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ, ಶಕ್ತಿ ಮಾತ್ರ ಕಡಿಮೆ. ಬಿಸಿಲು ಬಿದ್ದರೆ ಸಾಯುವುದು 1922ರ ಜರ್ಮನ್ ಮೂಕಿಚಿತ್ರ ನೋಸ್ಫೆರಾಟುನಿಂದ ಬಂದದ್ದು.

ಆ ಎತ್ತರದ ಕಾಲರಿನ ಕರಿ ನಿಲುವಂಗಿಯೂ ಸ್ಟೇಜಿನ ಮೇಲೆ ಹುಟ್ಟಿದ್ದು. 1924ರಲ್ಲಿ ಡರ್ಬಿ ಎಂಬ ಊರಿನಲ್ಲಿ ಹ್ಯಾಮಿಲ್ಟನ್ ಡೀನ್ ಈ ಕಾದಂಬರಿಯನ್ನು ನಾಟಕ ಮಾಡಿದ. ಡ್ರಾಕುಲಾ ಎಲ್ಲರ ಕಣ್ಣೆದುರೇ ಮಾಯ ಆಗಬೇಕಿತ್ತು. ನಟ ಜನರಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದ. ನಿಂತ ಕಾಲರು ಅವನ ತಲೆಯನ್ನು ಮರೆಮಾಡುತ್ತಿತ್ತು. ಅಷ್ಟರಲ್ಲಿ ಅವನು ಕಾಲಡಿಯ ಕಿಂಡಿಯಿಂದ ಕೆಳಗೆ ಇಳಿದುಬಿಡುತ್ತಿದ್ದ. ಎದುರಿದ್ದವರ ಕೈಯಲ್ಲಿ ಬರೀ ಬಟ್ಟೆ ಉಳಿಯುತ್ತಿತ್ತು.

ಇದನ್ನು ಓದಿ ನಾನು ನಮ್ಮ ಮಗ್ಗ ನೋಡಿದೆ. ನಮ್ಮದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿರುತ್ತಾರೆ, ನೇಯುವವನು ಅಂಚಿನ ಮೇಲೆ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ತುಳಿಯುತ್ತಾನೆ. ಇಳಿದು ಹೋಗಲು ಕಿಂಡಿ ಮನೆಯಲ್ಲೇ ಇತ್ತು. ಅಷ್ಟು ದಿನ ಅದರ ಮುಂದೆಯೇ ಕೂತು ಡ್ರಾಕುಲಾನ ಅರಮನೆ ಬರೆಯುತ್ತಿದ್ದೆ.

ನಮ್ಮ ಕಡೆಯ ಕಥೆಗಳಲ್ಲೂ ಹುಡುಕಿದೆ. ಮೊದಲು ನೆನಪಾದದ್ದು ಬೇತಾಳ. 1870ರಲ್ಲಿ ರಿಚರ್ಡ್ ಬರ್ಟನ್ ಬೇತಾಳನ ಕಥೆಗಳನ್ನು ಇಂಗ್ಲಿಷಿನಲ್ಲಿ ಹೇಳುವಾಗ ಅವನನ್ನು ವ್ಯಾಂಪೈರ್ ಅಂತ ಕರೆದ. ನನಗೆ ಅದು ಸರಿ ಕಾಣಲಿಲ್ಲ. ನಮ್ಮ ಬೇತಾಳ ವಿಕ್ರಮನ ಹೆಗಲ ಮೇಲೆ ಕೂತು ರಕ್ತ ಹೀರುವುದಿಲ್ಲ, ಪ್ರಶ್ನೆ ಕೇಳುತ್ತಾನೆ. ರಾಜ ಬಾಯಿ ಬಿಟ್ಟನೋ, ಹಾರಿಹೋಗಿ ಮತ್ತೆ ಮರಕ್ಕೆ ಜೋತುಬೀಳುತ್ತಾನೆ. ಆಮೇಲೆ ನಮ್ಮ ನೆರೆಯ ಬಾದಾಮಿಯ ವಾತಾಪಿ. ಇಲ್ವಲ ತನ್ನ ತಮ್ಮನನ್ನೇ ಟಗರು ಮಾಡಿ, ಕೊಯ್ದು, ಅತಿಥಿಗೆ ಬಡಿಸುತ್ತಿದ್ದ. ಉಂಡಾದ ಮೇಲೆ "ವಾತಾಪಿ, ಹೊರಗೆ ಬಾ" ಅಂದರೆ ಸಾಕು, ಸತ್ತವನು ಹೊಟ್ಟೆ ಸೀಳಿಕೊಂಡು ಬರುತ್ತಿದ್ದ. ಅಗಸ್ತ್ಯರು ಅವನನ್ನು ಜೀರ್ಣ ಮಾಡಿಕೊಂಡ ಮೇಲೆಯೇ ಆ ಕಾಟ ನಿಂತಿತು. ಸ್ಟೋಕರನ ಕಾದಂಬರಿಯಲ್ಲೂ ಮನೆಯವರು ಯಾರಾದರೂ ಕರೆಯದೆ ಡ್ರಾಕುಲಾ ಮೊದಲ ಸಲ ಒಳಗೆ ಬರಲಾರ. ನಮ್ಮ ಆಯಿ ಸಣ್ಣಂದಿನಿಂದ ಹೇಳುತ್ತಿದ್ದದ್ದೂ ಇದೇ: "ರಾತ್ರಿ ಯಾರರ ಒಂದ ಸಲ ಕರದ್ರ ಓ ಅನಬ್ಯಾಡ. ಮೂರ ಸಲ ಕರದ್ರ ಮನಷ್ಯಾ ಅಂತ ತಿಳಿ."

ಎಲ್ಲಾ ಕಡೆಯೂ ನಮ್ಮ ಬಾಯಿಂದ ಹೊರಟ ಒಂದು ಮಾತು ಬೇಕು. ನಾಟಕ ಕಟ್ಟಲು ನನಗೆ ಇಷ್ಟು ಸಾಕಾಯಿತು. ಬಂದವರನ್ನು "ಒಳಗ ಬರ್ರಿ" ಅನ್ನದೆ ಹೊರಗೆ ನಿಲ್ಲಿಸುವ ಮನೆ ನಮ್ಮ ಸೀಮೆಯಲ್ಲಿ ಯಾವುದಿದೆ?

ದೆವ್ವ ಯಾರು ಅನ್ನುವುದಕ್ಕೆ ಹೆಚ್ಚು ಯೋಚಿಸಬೇಕಾಗಲಿಲ್ಲ. ನೇಕಾರರ ಮನೆಯಲ್ಲಿ ರಕ್ತ ಹೀರುತ್ತಾನೆ ಅಂದರೆ ಅದು ಬಡ್ಡಿಯವನ ಮಾತೇ. ಇದೂ ನಮ್ಮದೊಂದೇ ಊರಿನ ಮಾತಲ್ಲ. ಸರ್ಬಿಯಾದ ಸುದ್ದಿ 1732ರಲ್ಲಿ ಲಂಡನ್ ಪತ್ರಿಕೆಗಳಿಗೆ ಮುಟ್ಟಿದ ಕೂಡಲೇ, ಜನರನ್ನು ತೆರಿಗೆಯಲ್ಲಿ ಹಿಂಡುವ ಮಂತ್ರಿಗಳೇ ನಿಜವಾದ ವ್ಯಾಂಪೈರುಗಳು ಅಂತ ಒಂದು ಪತ್ರಿಕೆ ಬರೆದಿತ್ತು. ಫ್ರಾನ್ಸಿನ ವೋಲ್ಟೇರ್ ಕೂಡ ಹಾಡಹಗಲೇ ಜನರ ರಕ್ತ ಹೀರುವ ವ್ಯಾಪಾರಿಗಳ ಬಗ್ಗೆ ಹೀಗೇ ಬರೆದ.

ನಾಟಕ ಹೀಗೆ ಆಯಿತು. ಬಡ್ಡಿ ಸಾಹುಕಾರ ನೇಕಾರನ ಮನೆಗೆ ವಸೂಲಿಗೆ ಬಂದಾಗ ಮಾತಿಗೆ ಮಾತು ಬೆಳೆಯುತ್ತದೆ. ಸಿಟ್ಟಿನಲ್ಲಿ ಬರಿಗಾಲಲ್ಲೇ ಹೊರಟವನು ದಾರಿಯಲ್ಲಿ ಎದೆನೋವಿನಿಂದ ಸಾಯುತ್ತಾನೆ. ಕಾಲ್ಮರಿ ಇವರ ಬಾಗಿಲಲ್ಲೇ ಉಳಿಯುತ್ತದೆ. ಮೂರನೇ ರಾತ್ರಿ ಹೊರಗಿನಿಂದ ದನಿ: "ಯಕ್ಕಾ, ನನ್ನ ಕಾಲ್ಮರಿ ಎಲ್ಲಿ ಅದಾವ?" ಒಂದೇ ಸಲ. ನೇಕಾರನ ಹೆಂಡತಿ ನಿದ್ದೆಗಣ್ಣಲ್ಲಿ ಅನ್ನುತ್ತಾಳೆ: "ಒಳಗ ಬರ್ರಿ, ತಗೊಂಡ ಹೋಗ್ರಿ."

ಈ ಒಂದು ದೃಶ್ಯಕ್ಕೆ ಎಂಟು ದಿನ ತಾಲೀಮು ಮಾಡಿದೆವು. ಗೋಡೆಯ ಪರದೆ ತೆಗೆಸಿದೆ. ಎರಡು ಬಿದಿರು ನಿಲ್ಲಿಸಿ, ಮೇಲೆ ಮಾವಿನ ತೋರಣ ಕಟ್ಟಿ, ಕೆಳಗೆ ಕಟ್ಟಿಗೆಯ ಹೊಸ್ತಿಲು ಇಟ್ಟೆ. ದೆವ್ವ ಹೊರಗೆ ನಿಂತಿರುವುದು ಜನರಿಗೆ ಪೂರಾ ಕಾಣಬೇಕು, ಅವಳಿಗೆ ಮಾತ್ರ ಕಾಣಬಾರದು. ಮೊದಮೊದಲು ನಮ್ಮ ಹುಡುಗ ಗೊಗ್ಗರು ದನಿ ತೆಗೆಯುತ್ತಿದ್ದ. ಬೇಡ ಅಂದೆ. "ನೀನು ಸತ್ತೀ ಅಂತ ನಿನಗ ಗೊತ್ತಿಲ್ಲ ಅಂತ ತಿಳಕೊ. ಬರೇ ಕಾಲ್ಮರಿ ಬೇಕು ನಿನಗ." ಆಮೇಲೆ ದನಿ ತಾನಾಗಿ ಇಳಿಯಿತು. ಹಾರ್ಮೋನಿಯಂ ಮಾಸ್ತರರಿಗೂ ಅಲ್ಲಿ ಒಂದು ಸ್ವರ ಕೂಡ ಬೇಡ ಅಂತ ಕೈಮುಗಿದು ಕೇಳಿಕೊಂಡೆ.

ಕೋರೆಹಲ್ಲು ಬಿಟ್ಟೆವು. ಬಣ್ಣದಲ್ಲಿ ಹಳ್ಳಿಯ ಹಳೇ ಲೆಕ್ಕ ಹಿಡಿದೆವು. ಪ್ರತಿ ಅಂಕಕ್ಕೂ ಸಾಹುಕಾರನ ಗಲ್ಲ ಇನ್ನಷ್ಟು ಕೆಂಪು, ನೇಕಾರನ ಮುಖ ಇನ್ನಷ್ಟು ಬಿಳುಪು. ರಕ್ತವನ್ನು ನೂಲಿನಲ್ಲಿ ತೋರಿಸಿದೆ. ಮೊದಲ ಅಂಕದಲ್ಲಿ ಲಾಳಿಯಲ್ಲಿ ಕಡುಗೆಂಪು ನೂಲು. ರಾತ್ರಿ ಕಳೆದ ಹಾಗೆ ತಿಳಿಗೆಂಪು. ಕೊನೆಗೆ ಬಿಳಿ. ನೇಕಾರ ಏನೂ ಮಾತಾಡುವುದಿಲ್ಲ, ಲಾಳಿಯನ್ನು ಬೆಳಕಿಗೆ ಹಿಡಿದು ನೋಡುತ್ತಾನೆ ಅಷ್ಟೇ. ನೇಯುವ ಓಣಿಯ ಜನರಿಗೆ ಬೇರೆ ಏನು ಹೇಳಬೇಕು?

ಮಾಯ ಆಗುವ ಆಟಕ್ಕೆ ನಿಲುವಂಗಿಯ ಜಾಗದಲ್ಲಿ ಕರಿ ಕಂಬಳಿ ತಂದೆ. ಹುಣಸಿ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ಅರೆದು, ಅಂಬಲಿಯ ಹದಕ್ಕೆ ಕುದಿಸಿದ ಗಂಜಿ ಹಚ್ಚಿದೆವು. ಕಂಬಳಿ ನೇಯುವವರು ಹಚ್ಚುವುದೂ ಅದನ್ನೇ, ನಾವು ಮೂರು ಪಟ್ಟು ಹಚ್ಚಿದೆವು. ಒಣಗಿದ ಮೇಲೆ ಕಂಬಳಿ ತನ್ನಷ್ಟಕ್ಕೆ ತಾನೇ ನಿಲ್ಲುವಷ್ಟು ಬಿರುಸಾಯಿತು. ಸ್ಟೇಜಿನ ಹಲಗೆ ಕೊರೆದು ಮಗ್ಗದ ಕುಣಿ ಮಾಡಿದ್ದೆವು. ದೆವ್ವ ಕಂಬಳಿ ಹೊದ್ದು ಕುಣಿಯ ಅಂಚಿಗೆ ಬಂದು, ಬೆನ್ನು ತಿರುಗಿಸಿ, ಕೆಳಗೆ ಇಳಿದುಬಿಡಬೇಕು. ಮೊದಲ ದಿನ ಅವಸರ ಮಾಡಿ ಹುಡುಗನ ಕಾಲು ಉಳುಕಿತು. ತಪ್ಪು ನನ್ನದೇ, ಕೆಳಗೆ ಏನೂ ಹಾಸಿರಲಿಲ್ಲ. ನಾಲ್ಕು ದಿನ ತಾಲೀಮು ನಿಲ್ಲಿಸಿ, ಕುಣಿಯ ತಳಕ್ಕೆ ಎರಡು ಗಾದಿ ಹಾಕಿ, ಹಿಡಿಯಲು ಒಬ್ಬನನ್ನು ಕೂರಿಸಿದ ಮೇಲೆಯೇ ಮುಂದುವರಿಸಿದೆ. ಯಾರಾದರೂ ಇದನ್ನು ಮಾಡುವುದಾದರೆ ಗಾದಿ ಮೊದಲು, ಕಂಬಳಿ ಆಮೇಲೆ.

ಕೊನೆಯ ದೃಶ್ಯಕ್ಕೆ ಗೂಟ ಬೇಡ ಅನ್ನಿಸಿತು. ಪೂರ್ವ ಯುರೋಪಿನ ಹಳ್ಳಿಗಳಲ್ಲಿ ಇನ್ನೊಂದು ಉಪಾಯ ಇತ್ತು. ದಾರಿಯಲ್ಲಿ ಸಣ್ಣ ಕಾಳು ಚೆಲ್ಲುತ್ತಿದ್ದರು. ದೆವ್ವ ಅದನ್ನು ಒಂದೊಂದಾಗಿ ಎಣಿಸದೆ ಮುಂದೆ ಹೋಗಲಾರ. ಎಣಿಸಿ ಮುಗಿಯುವುದರೊಳಗೆ ಬೆಳಗಾಗುತ್ತದೆ. ಬಡ್ಡಿಯವನಿಗೆ ಇದಕ್ಕಿಂತ ಒಪ್ಪುವ ಅಂತ್ಯ ನನಗೆ ಹೊಳೆಯಲಿಲ್ಲ. ನೇಕಾರನ ಹೆಂಡತಿ ಮೊರದಲ್ಲಿದ್ದ ಸಜ್ಜೆಯನ್ನು ಹೊಸ್ತಿಲ ಮೇಲೆ ಚೆಲ್ಲುತ್ತಾಳೆ. ಸಾಹುಕಾರ ಬಗ್ಗಿ ನೋಡುತ್ತಾನೆ. ಕೂರುತ್ತಾನೆ. ನಮ್ಮ ಕಣದಲ್ಲಿ ಅಳೆಯುವವರ ಹಾಗೆ ಒಂದು ಅನ್ನದೆ ಶುರು ಮಾಡುತ್ತಾನೆ: "ಲಾಭ... ಎರಡ... ಮೂರ..." ಹಿಂದೆ ಮಗ್ಗದ ಸಪ್ಪಳ ಏಳುತ್ತದೆ. ಅವಳು ಕಾಲ್ಮರಿಯನ್ನು ಎತ್ತಿ ಹೊಸ್ತಿಲ ಆಚೆ ಇಡುತ್ತಾಳೆ.

ಜಾತ್ರೆಯ ರಾತ್ರಿ ಆ ದನಿ ಕೇಳಿದಾಗ, ಅವಳು ಬಾಯಿ ತೆರೆಯುವ ಮುಂಚೆಯೇ ಹೆಣ್ಣುಮಕ್ಕಳ ಸಾಲಿನಿಂದ ಯಾರೋ ಕೂಗಿದರು: "ಓ ಅನಬ್ಯಾಡವಾ!" ಪಾರ್ಟು ಮಾಡುತ್ತಿದ್ದ ಹುಡುಗಿ ಒಂದು ಕ್ಷಣ ನಿಜವಾಗಿ ತಡೆದಳು. ನಾನು ವಿಂಗಿನಲ್ಲಿ ಉಸಿರು ಹಿಡಿದು ನಿಂತಿದ್ದೆ. ಆಮೇಲೆ ಅವಳು ಕರೆದಳು.

ಈ ಸಲ ಕಮತಗಿಯವರು ಕೇಳಿದ್ದಾರೆ. ಟ್ರಂಕಿನಿಂದ ಕಂಬಳಿ ತೆಗೆದು ನೋಡಿದರೆ ಗಂಜಿಯ ರುಚಿಗೆ ಇಲಿ ಒಂದು ಅಂಚು ಕಡಿದಿದೆ. ತೇಪೆ ಹಾಕಿಸಿ, ಹೊಸದಾಗಿ ಹುಣಸಿ ಬೀಜ ನೆನೆಹಾಕಬೇಕು. ಎರಡನೇ ಅಂಕದ ಹಾಡನ್ನೂ ತೆಗೆಯಬೇಕು ಅಂತಿದ್ದೇನೆ. ಅಲ್ಲಿ ದೆವ್ವ ಸ್ವಲ್ಪ ಹೊತ್ತು ಸುಮ್ಮನೆ ಹೊರಗೇ ನಿಂತಿರಲಿ.