ಕೈಬಿಟ್ಟ ಕುದುರೆಗೆ ಮತ್ತೊಂದು ಮನೆ: ಹಿಡಿಯುವುದರಿಂದ ಒಪ್ಪಿಸುವವರೆಗೆ

ಮೈಸೂರಿನ ರಿಂಗ್ ರಸ್ತೆಯ ಬದಿಯಲ್ಲೋ ಮಂಡ್ಯ ಕಡೆಯ ಕೆರೆ ಅಂಗಳದಲ್ಲೋ ಹಗ್ಗ, ಲಗಾಮು ಏನೂ ಇಲ್ಲದೆ ಮೇಯುವ ಕುದುರೆ ಕಂಡರೆ ಜನ ಅದನ್ನು ಕಾಡುಕುದುರೆ ಎಂದುಬಿಡುತ್ತಾರೆ. ಅಸ್ಸಾಂನ ದಿಬ್ರು-ಸೈಖೋವಾದಲ್ಲಿ ಹಾಗೆ ಬದುಕುವ ಹಿಂಡುಗಳಿವೆ, ಅಮೆರಿಕದಲ್ಲಿ ಮಸ್ಟಾಂಗ್‌ಗಳಿವೆ. ನಮ್ಮಲ್ಲಿ ಕಾಣುವವು ಟಾಂಗಾಕ್ಕೋ ಮದುವೆ ಮೆರವಣಿಗೆಗೋ ದುಡಿದು, ಕುಂಟು ಬಿದ್ದ ಮೇಲೆ ಅಥವಾ ಮುದಿಯಾದ ಮೇಲೆ ಮಾಲೀಕರು ಬಿಟ್ಟುಹೋದವು. ಆದರೆ ಅವುಗಳಿಗೆ ಬಯಲಲ್ಲೇ ಹುಟ್ಟಿ, ಮನುಷ್ಯರ ಕೈ ತಾಗದೆ ಬೆಳೆದ ಮರಿಗಳಿರುತ್ತವಲ್ಲ, ಅವು ನಿಜಕ್ಕೂ ಕಾಡುಕುದುರೆಯಂತೆಯೇ ವರ್ತಿಸುತ್ತವೆ.

ಇಂಥ ಕುದುರೆಗಳಿಗೆ ಕಲ್ಲು ಹೊಡೆಯುವವರಿಂದ ಎಷ್ಟು ಅಪಾಯವೋ, ಮರುಗಿ ಅವಸರಪಡುವವರಿಂದಲೂ ಅಷ್ಟೇ ಅಪಾಯ. ಬೆನ್ನಟ್ಟಿ ಹಿಡಿಯುತ್ತಾರೆ, ಅಂದೇ ಹೊಟ್ಟೆ ತುಂಬ ಹುರುಳಿ ಇಡುತ್ತಾರೆ, ವಾರ ಕಳೆಯುವುದರೊಳಗೆ ಯಾರಿಗೋ ಪುಕ್ಕಟೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಮೂರರಲ್ಲಿ ಯಾವುದು ಬೇಕಾದರೂ ಕುದುರೆಯ ಪ್ರಾಣ ತೆಗೆಯಬಹುದು.

ಮೊದಲು ಫೋನು, ಆಮೇಲೆ ಹಗ್ಗ

ಕುದುರೆ ಹೆದ್ದಾರಿಯಲ್ಲಿದ್ದರೆ 1033ಕ್ಕೆ ಅಥವಾ ಪೊಲೀಸರ 112ಕ್ಕೆ ಕರೆ ಮಾಡಿ. ಗಾಯವಾಗಿದ್ದರೆ ಪಶುಪಾಲನಾ ಇಲಾಖೆಯ 1962. ಪ್ರಾಣಿಗಳನ್ನು ಹಿಂಸಿಸುವುದನ್ನು ತಡೆಯುವ 1960ರ ಕಾಯ್ದೆಯ 11ನೇ ಕಲಂ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು ಅಪರಾಧ. ಹಾಗೆಂದು ಕಂಡ ಕುದುರೆ ನಿಮ್ಮದಾಗುವುದಿಲ್ಲ. ನಾಲ್ಕೂ ಕಡೆಯಿಂದ ಫೋಟೊ ತೆಗೆದು, ಹತ್ತಿರದ ಠಾಣೆಗೆ ಬರೆದುಕೊಟ್ಟು, ಸ್ವೀಕೃತಿ ಪಡೆಯಿರಿ. ನಾಳೆ ಮಾಲೀಕ ಬಂದು ಕುದುರೆ ಕದ್ದರು ಎಂದರೆ ನಿಮ್ಮ ಕೈಯಲ್ಲಿರುವುದು ಆ ಒಂದು ಹಾಳೆ ಮಾತ್ರ. ಗೊರಸಿನಲ್ಲಿ ಲಾಳದ ಮೊಳೆ ಗುರುತು ಇದೆಯೇ, ಹೆಗಲಿನ ಮೇಲೆ ನೊಗ ಉಜ್ಜಿದ ಬಿಳಿ ಕಲೆ ಇದೆಯೇ ನೋಡಿ. ಇದ್ದರೆ ಅದು ದುಡಿದ ಕುದುರೆ. ಅದನ್ನು ಪಳಗಿಸುವ ಕೆಲಸ ಅರ್ಧ ಕಡಿಮೆ.

ಓಡಿಸಬೇಡಿ

ಬೈಕಿನಲ್ಲಿ ಬೆನ್ನಟ್ಟಿ ಕುತ್ತಿಗೆಗೆ ಕುಣಿಕೆ ಎಸೆಯುವುದನ್ನು ಯಾರೂ ಮಾಡಬಾರದು. ಹೆದರಿದ ಕುದುರೆ ಮುಳ್ಳುತಂತಿಗೆ ನುಗ್ಗುತ್ತದೆ, ನಾಲೆಗೆ ಬೀಳುತ್ತದೆ, ರಸ್ತೆಗೆ ಹಾರುತ್ತದೆ. ಅದು ಮೇಯುವ ಜಾಗದ ಹತ್ತಿರವೇ ಸರ್ವೆ ಗಳ ಅಥವಾ ಬಿದಿರು ನೆಟ್ಟು ಒಂದು ಆವರಣ ಕಟ್ಟಿ. ಅಮೆರಿಕದಲ್ಲಿ ಪಳಗದ ಮಸ್ಟಾಂಗ್ ಪಡೆಯುವವರಿಗೆ ಅಲ್ಲಿನ ಸರ್ಕಾರ ಹೇಳುವ ಅಳತೆ ಒಂದು ಕುದುರೆಗೆ ಕನಿಷ್ಠ 20 ಅಡಿಗೆ 20 ಅಡಿ ಜಾಗ, 6 ಅಡಿ ಎತ್ತರದ ಬೇಲಿ. ನಮಗೂ ಅದೇ ಇರಲಿ. ಮುಳ್ಳುತಂತಿ ಮಾತ್ರ ಖಂಡಿತ ಬೇಡ.

ಬಾಗಿಲು ತೆರೆದಿಟ್ಟು, ದಿನವೂ ಒಂದೇ ಹೊತ್ತಿಗೆ ಒಳಗೆ ನೀರು ಮತ್ತು ಒಂದು ಹಿಡಿ ಗರಿಕೆ ಇಟ್ಟು ದೂರ ಸರಿಯಿರಿ. ಬೇಸಿಗೆಯಲ್ಲಿ ಮೇವಿಗಿಂತ ನೀರೇ ಹೆಚ್ಚು ಸೆಳೆಯುತ್ತದೆ. ಕುದುರೆ ಒಳಗೆ ಹೋಗಿ ನೆಮ್ಮದಿಯಿಂದ ನಿಲ್ಲುವುದು ರೂಢಿಯಾದ ಮೇಲೆ ಒಂದು ದಿನ ಸದ್ದಿಲ್ಲದೆ ಬಾಗಿಲು ಹಾಕಿ. ತಾಯಿ ಮರಿ ಇದ್ದರೆ ಎರಡೂ ಒಳಗೆ ಬರುವವರೆಗೆ ಕಾಯಲೇಬೇಕು.

ವೈದ್ಯರು ನೋಡುವವರೆಗೆ ಬೇರೆ ಇಡಿ

ಹೊಸ ಕುದುರೆಯನ್ನು ಬೇರೆ ಕುದುರೆ, ಕತ್ತೆಗಳ ಜೊತೆ ಬಿಡಬೇಡಿ. ಕಾರಣ ಗ್ಲ್ಯಾಂಡರ್ಸ್ ಎಂಬ ರೋಗ. ಮೂಗಿನಿಂದ ಅಂಟಂಟು ಸಿಂಬಳ, ಚರ್ಮದ ಮೇಲೆ ಒಡೆದು ಕೀವು ಸೋರುವ ಗಂಟುಗಳು ಇದರ ಲಕ್ಷಣ. ಮನುಷ್ಯರಿಗೂ ಹರಡುತ್ತದೆ. ಇದಕ್ಕೆ ಲಸಿಕೆ ಇಲ್ಲ, ಕಂಡುಬಂದರೆ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ಪಶುವೈದ್ಯರು ರಕ್ತ ತೆಗೆದು ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ ಪರೀಕ್ಷೆಗೆ ಕಳುಹಿಸುವ ವ್ಯವಸ್ಥೆ ಇದೆ. ವರದಿ ಬರುವವರೆಗೆ ಕುದುರೆಯನ್ನು ಬೇರೆ ಊರಿಗೆ ಸಾಗಿಸಬೇಡಿ, ಮೈ ಮುಟ್ಟುವಾಗ ಕೈಗವಸು, ಮಾಸ್ಕ್ ಇರಲಿ.

ಮುಂಗಾಲುಗಳನ್ನು ಜೋಡಿಸಿ ಕಟ್ಟಿ ಮೇಯಲು ಬಿಡುವುದು ನಮ್ಮ ಕಡೆ ಇನ್ನೂ ಇದೆ. ಬಿಟ್ಟುಹೋದವರು ಆ ನೈಲಾನ್ ಹಗ್ಗ ಬಿಚ್ಚಿರುವುದಿಲ್ಲ. ಗೊರಸಿನ ಮೇಲಿನ ಸಣ್ಣ ಗೆಣ್ಣಿನ ಹತ್ತಿರ ಕೂದಲು ಉದುರಿ, ಸುತ್ತ ಊದಿಕೊಂಡು, ಹಗ್ಗ ಕಾಣದಷ್ಟು ಮಾಂಸ ಬೆಳೆದಿರುತ್ತದೆ. ನೊಣ ಮುತ್ತಿದ್ದರಿಂದಷ್ಟೇ ಅಲ್ಲಿ ಗಾಯವಿದೆ ಎಂದು ಗೊತ್ತಾಗುತ್ತದೆ. ಅದನ್ನು ಚಾಕುವಿನಿಂದ ನೀವೇ ಕತ್ತರಿಸಲು ಹೋಗಬೇಡಿ. ವೈದ್ಯರು ಮಂಪರು ಚುಚ್ಚುಮದ್ದು ಕೊಟ್ಟು ತೆಗೆಯಬೇಕಾದ ಗಾಯ ಅದು. ಕುದುರೆಗೆ ಧನುರ್ವಾಯು ಬಹಳ ಬೇಗ ತಗಲುವುದರಿಂದ ಆ ಲಸಿಕೆಯನ್ನು ತಪ್ಪಿಸಲೇಬಾರದು. ಹೆಣ್ಣಾದರೆ ಗಬ್ಬವೇ ಎಂದು ಪರೀಕ್ಷಿಸಿ. ಕುದುರೆಗೆ ಗರ್ಭ ಸುಮಾರು 11 ತಿಂಗಳು.

ಹಸಿದ ಕುದುರೆಗೆ ಹುರುಳಿ ಹಾಕಬೇಡಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ. ಪಕ್ಕೆಲುಬು ಎಣಿಸುವಷ್ಟು ಬಡಕಲಾದ ಕುದುರೆಗೆ ಹುರುಳಿ, ಬೂಸಾ, ಬೆಲ್ಲ ಕೊಟ್ಟರೆ ಅದರ ರಕ್ತಕ್ಕೆ ಒಮ್ಮೆಲೇ ಸಕ್ಕರೆ ಸೇರುತ್ತದೆ. ಇನ್ಸುಲಿನ್ ಏರಿ, ರಕ್ತದಲ್ಲಿ ಅಳಿದುಳಿದ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲವೂ ಜೀವಕೋಶಗಳ ಒಳಗೆ ಹೋಗಿಬಿಡುತ್ತವೆ. ಹೃದಯ, ಉಸಿರಾಟ ಸೋಲುತ್ತವೆ. ಚೆನ್ನಾಗಿ ತಿನ್ನುತ್ತಿದೆ ಎಂದು ಎಲ್ಲರೂ ಸಂತೋಷಪಡುತ್ತಿರುವಾಗ ಮೂರನೆಯ, ನಾಲ್ಕನೆಯ ದಿನ ಕುದುರೆ ಸತ್ತುಬೀಳುವುದು ಹೀಗೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ರೂಪಿಸಿದ ಕ್ರಮ ಸರಳ. ಪಿಷ್ಟ ಕಡಿಮೆ, ಪ್ರೋಟೀನು ಮತ್ತು ಖನಿಜ ಹೆಚ್ಚು ಇರುವ ಕುದುರೆ ಮಸಾಲೆ ಸೊಪ್ಪನ್ನು, ಅಂದರೆ ಲೂಸರ್ನ್ ಅನ್ನು, ನಾಲ್ಕು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವೇ ಕೊಡುವುದು. ದೊಡ್ಡ ಜಾತಿಯ ಕುದುರೆಗೆ ಪ್ರತಿ ಸಲಕ್ಕೆ ಒಣಗಿಸಿದ ಸೊಪ್ಪು ಅರ್ಧ ಕಿಲೋ. ಟಾಂಗಾ ಕಟ್ಟುವ ನಮ್ಮ ಸಣ್ಣ ಕುದುರೆಗೆ ಕಾಲು ಕಿಲೋ ಸಾಕು. ನಮ್ಮಲ್ಲಿ ಸಿಗುವುದು ಹಸಿ ಸೊಪ್ಪಾದ್ದರಿಂದ ಅದರ ಸುಮಾರು ನಾಲ್ಕು ಪಟ್ಟು ತೂಗಿ ಹಾಕಿ. ಮೂರು ದಿನ ಹೀಗೆ. ನಂತರ ಹತ್ತನೆಯ ದಿನದವರೆಗೆ ನಿಧಾನವಾಗಿ ಹೆಚ್ಚಿಸಿ. ರಾತ್ರಿಯೂ ಎದ್ದು ಹಾಕಬೇಕು, ಬೇರೆ ದಾರಿ ಇಲ್ಲ. ಕುದುರೆಯ ತೂಕ, ಸ್ಥಿತಿ ನೋಡಿ ಪ್ರಮಾಣ ತೀರ್ಮಾನಿಸುವವರು ನಿಮ್ಮ ವೈದ್ಯರೇ ಆಗಿರಲಿ.

ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ; ತಪ್ಪು ತಿಂದದ್ದು ಹೊರಗೆ ಬರುವ ದಾರಿಯೇ ಇಲ್ಲ. ಮಂಡ್ಯ ಕಡೆಯವರು ಅದಕ್ಕೇ ಇನ್ನಷ್ಟು ಎಚ್ಚರವಾಗಿರಬೇಕು. ಆಲೆಮನೆ ಹತ್ತಿರ ಬಿಡಬೇಡಿ, ಬೆಲ್ಲ ಮತ್ತು ಕಬ್ಬಿನ ಸಿಹಿ ಗೊರಸಿನ ಒಳಗೆ ಉರಿಯೂತ ತಂದು ಕುದುರೆಯನ್ನು ಶಾಶ್ವತವಾಗಿ ಕುಂಟಾಗಿಸಬಲ್ಲದು. ಕೋಳಿ ಫಾರಂನ ಆಹಾರದಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕೋಳಿಗೆ ಒಳ್ಳೆಯದು, ಕುದುರೆಗೆ ಪ್ರಾಣಾಂತಿಕ. ಬೂಸ್ಟು ಹಿಡಿದ ಮೆಕ್ಕೆಜೋಳ ಮಿದುಳನ್ನೇ ಕೆಡಿಸುತ್ತದೆ. ಹೆದ್ದಾರಿಯ ನಡುವೆ ಹೂವಿಗೆಂದು ಬೆಳೆಸುವ ಕಣಗಿಲೆ ಎಲೆ ಒಂದು ಹಿಡಿ ಹೊಟ್ಟೆಗೆ ಹೋದರೂ ಹೃದಯ ನಿಲ್ಲುತ್ತದೆ.

ಕಾಲಿನಿಂದ ನೆಲ ಕೆರೆಯುವುದು, ತಿರುತಿರುಗಿ ಹೊಟ್ಟೆ ನೋಡಿಕೊಳ್ಳುವುದು, ಮಲಗಿ ಹೊರಳುವುದು ಹೊಟ್ಟೆಶೂಲೆಯ ಗುರುತು. ದವಡೆಯ ಕೆಳಗೆ ಬೆರಳಿಟ್ಟರೆ ನಾಡಿ ಸಿಗುತ್ತದೆ. ವಿಶ್ರಾಂತಿಯಲ್ಲಿರುವ ಕುದುರೆಗೆ ನಿಮಿಷಕ್ಕೆ 28ರಿಂದ 44 ಸಹಜ. ಅದು 60 ದಾಟಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ.

ನಂಬಿಕೆ ಬರಿಸುವುದು

ಮೈ ತುಂಬಿಕೊಂಡ ಮೇಲೆ ಪಾಠ. ಮೊದಲ ಪಾಠಕ್ಕೆ ಹಗ್ಗ ಬೇಡ. ಆವರಣದೊಳಗೆ ಬಕೆಟ್ ಬೋರಲು ಹಾಕಿಕೊಂಡು ಸುಮ್ಮನೆ ಕೂತಿರಿ. ಅದರ ಪಾಡಿಗೆ ಅದು ಮೇಯಲಿ.

ಕುದುರೆಯ ಕಣ್ಣು ತಲೆಯ ಎರಡು ಬದಿಗಿರುವುದರಿಂದ ಹಣೆಯ ನೇರ ಮುಂದೆ, ಬಾಲದ ನೇರ ಹಿಂದೆ ಇರುವುದು ಅದಕ್ಕೆ ಕಾಣದು. ಹೆಗಲಿನ ಕಡೆಗೆ ಓರೆಯಾಗಿ ನಡೆಯಿರಿ. ತಲೆ ಎತ್ತಿ ಮೈ ಬಿಗಿಮಾಡಿತೋ, ಅಲ್ಲೇ ನಿಲ್ಲಿ. ಅದು ಓಡಿದ ಮೇಲೆ ನೀವು ನಿಂತರೆ, ಓಡುವುದೇ ಉಪಾಯ ಎಂದು ಕಲಿತುಬಿಡುತ್ತದೆ. ಓಡುವ ಮುನ್ನ ನಿಲ್ಲಬೇಕು. ಸ್ವಲ್ಪ ಹೊತ್ತಿಗೆ ಒಂದು ಕಿವಿ ನಿಮ್ಮ ಕಡೆ ತಿರುಗುತ್ತದೆ. ಆಮೇಲೆ ಕತ್ತು ಇಳಿಯುತ್ತದೆ, ಕೆಳತುಟಿ ಸಡಿಲವಾಗುತ್ತದೆ, ಬಾಯಿ ಚಪ್ಪರಿಸುತ್ತದೆ. ಆಗ ನೀವು ಎರಡು ಹೆಜ್ಜೆ ಹಿಂದೆ ಸರಿಯಿರಿ. ಬೆಲ್ಲಕ್ಕಿಂತ ದೊಡ್ಡ ಬಹುಮಾನ ಅದಕ್ಕೆ ಇದು. ಇಡೀ ತರಬೇತಿ ನಿಂತಿರುವುದೇ ಒತ್ತಡ ಹಾಕಿ, ಒಪ್ಪಿದ ಕ್ಷಣದಲ್ಲಿ ಬಿಟ್ಟುಬಿಡುವುದರ ಮೇಲೆ.

ಮೊದಲ ಸ್ಪರ್ಶ ಮುಖಕ್ಕೆ ಬೇಡ. ಹೆಗಲಿನ ಮೇಲೆ, ಜೂಲಿನ ಬುಡದಲ್ಲಿ ಕೆರೆಯಿರಿ. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಕೆರೆದುಕೊಳ್ಳುವ ಜಾಗ ಅದೇ. ಎಡಕ್ಕೆ ಒಪ್ಪಿದ್ದನ್ನು ಬಲಕ್ಕೂ ಹೊಸದಾಗಿ ಕಲಿಸಿ. ಮುಂದೆ ಬ್ರಷ್ಷು, ಬೆನ್ನ ಮೇಲೆ ಹಗ್ಗ ಹಾಯಿಸುವುದು, ಮುಖಕ್ಕೆ ಹಾಲ್ಟರ್ ಎಂಬ ತಲೆಪಟ್ಟಿ, ಜೊತೆಯಲ್ಲಿ ನಡೆಯುವುದು. ಪಳಗದ ಕುದುರೆಯನ್ನು ಗೂಟಕ್ಕೆ ಬಿಗಿಯಬೇಡಿ, ಹಿಂದಕ್ಕೆ ಜಗ್ಗಿ ಕತ್ತು ಮುರಿದುಕೊಳ್ಳುತ್ತದೆ. ಕಾಲೆತ್ತುವ ಅಭ್ಯಾಸಕ್ಕೆ ಉದ್ದನೆಯ ಕೋಲಿನ ತುದಿಗೆ ಬಟ್ಟೆ ಸುತ್ತಿ, ದೂರದಿಂದಲೇ ಕಾಲು ಸವರಿ ಶುರುಮಾಡಿ. 6ರಿಂದ 8 ವಾರಕ್ಕೊಮ್ಮೆ ಗೊರಸು ಕೆತ್ತಿಸಲೇಬೇಕು, ಕಾಲು ಕೊಡದ ಕುದುರೆಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.

ಸದ್ದಿಗೆ ಹೆದರದಂತೆ ಮಾಡುವುದಕ್ಕೆ ನಮ್ಮ ಕಣ್ಣೆದುರೇ ಮಾದರಿ ಇದೆ. ದಸರಾಕ್ಕೆ ಮುನ್ನ ಕುಶಾಲತೋಪು ಸಿಡಿಸಿ ಆನೆಗಳಿಗೂ ಅಶ್ವಾರೋಹಿ ದಳದ ಕುದುರೆಗಳಿಗೂ ತಾಲೀಮು ಕೊಡುತ್ತಾರಲ್ಲ, ಅದು ಒಂದೇ ದಿನಕ್ಕೆ ಮುಗಿಯುವುದಿಲ್ಲ. ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಅಷ್ಟು ಜನರ ನಡುವೆ ಕುದುರೆ ನೆಟ್ಟಗೆ ಓಡುವುದರ ಹಿಂದೆ ಮತ್ತೆ ಮತ್ತೆ ಮಾಡಿದ ಅಭ್ಯಾಸವಿದೆ. ನಿಮ್ಮ ಕುದುರೆಗೂ ಮೊದಲು ದೂರದ ಆಟೊ ಸದ್ದು, ಎಷ್ಟೋ ದಿನದ ಮೇಲೆ ಹತ್ತಿರದ್ದು.

ಮರಿಗಳ ಬೆನ್ನೇರಲು ಮೂರು ನಾಲ್ಕು ವರ್ಷವಾದರೂ ತುಂಬಲಿ. ಕುಂಟಾದ, ಮುದಿ ಕುದುರೆಯ ಬೆನ್ನೇರುವ ಮಾತೇ ಬೇಡ.

ಯಾರಿಗೆ ಕೊಡಬೇಕು

ಗಂಡಾದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಯೇ ಕೊಡಿ. ಕೆರೆ ಅಂಗಳದಲ್ಲಿ ಮತ್ತೆ ಮರಿ ಹುಟ್ಟುವುದನ್ನು ತಡೆಯಲು ಬೇರೆ ಉಪಾಯವಿಲ್ಲ.

ಕುದುರೆ ನೋಡಲು ಬಂದವರು ನಮ್ಮ ಕಡೆ ಮೊದಲು ಹುಡುಕುವುದು ಸುಳಿ. ಹಣೆಯಲ್ಲಿ, ಕತ್ತಿನಲ್ಲಿ ಇಂಥ ಸುಳಿ ಇದ್ದರೆ ಮನೆಗೆ ಕೇಡು ಎಂದು ಒಳ್ಳೆಯ ಕುದುರೆಯನ್ನೇ ಬಿಟ್ಟುಹೋಗುತ್ತಾರೆ. ಸುಳಿ ಎಂದರೆ ಕೂದಲು ಬೆಳೆಯುವ ದಿಕ್ಕು, ಅಷ್ಟೇ. ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡವರಿಗೂ ನಾನಾದರೆ ಕೊಡುವುದಿಲ್ಲ. ಮುಂದೆ ಬೆಳೆ ಕೈಕೊಟ್ಟರೂ ಮಗುವಿಗೆ ಜ್ವರ ಬಂದರೂ ಆ ಮನೆಯಲ್ಲಿ ದೂರು ಬೀಳುವುದು ಕುದುರೆಯ ಮೇಲೆಯೇ.

ಫಾರ್ಮ್‌ಹೌಸಿನ ಅಂದಕ್ಕೆಂದು ಒಂದೇ ಕುದುರೆ ಕೇಳುವವರಿಗಿಂತ, ಆಗಲೇ ಕುದುರೆ ಸಾಕಿದ ಟಾಂಗಾ ಕುಟುಂಬ ಎಷ್ಟೋ ಮೇಲು. ಕುದುರೆ ಹಿಂಡಿನ ಪ್ರಾಣಿ, ಒಂಟಿಯಾದರೆ ಕೊರಗುತ್ತದೆ. ಲಾಯ, ನೀರು, ಲಾಳ ಕಟ್ಟುವವರ ಪರಿಚಯ ಎಲ್ಲವನ್ನೂ ಹೋಗಿ ನೋಡಿ. 250 ಕಿಲೋ ತೂಗುವ ಕುದುರೆಗೆ ದಿನಕ್ಕೆ ಸುಮಾರು 5 ಕಿಲೋ ಒಣಮೇವು ಬೇಕು, ಆಯಸ್ಸು 25 ವರ್ಷ ದಾಟಬಹುದು. ಈ ಲೆಕ್ಕ ಕೇಳಿ ಹಿಂದೆ ಸರಿದರೆ ಸರಿಯಲಿ. ದುಡಿಯಲಾಗದ ಕುದುರೆಗೆ ಚಾಮುಂಡಿ ಬೆಟ್ಟದ ತಪ್ಪಲಿನ ಪಿಂಜರಾಪೋಳದಂಥ ಪ್ರಾಣಿಗಳ ಆಶ್ರಯತಾಣದಲ್ಲಿ ಜಾಗ ಇದೆಯೇ ಎಂದು ಮೊದಲೇ ವಿಚಾರಿಸಿ.

ಮಸ್ಟಾಂಗ್ ಪಡೆದವರಿಗೆ ಅಮೆರಿಕದಲ್ಲಿ ಒಡೆತನದ ಪತ್ರ ಕೂಡಲೇ ಸಿಗುವುದಿಲ್ಲ. ಒಂದು ವರ್ಷ ಚೆನ್ನಾಗಿ ಸಾಕಿ ತೋರಿಸಬೇಕು. ಇಲ್ಲಿಯೂ ಹಾಗೆಯೇ ಕರಾರು ಬರೆಸಿಕೊಳ್ಳಿ. ಒಂದು ವರ್ಷದವರೆಗೆ ಹೇಳದೆ ಬಂದು ನೋಡುವ ಹಕ್ಕು ನಿಮ್ಮದು, ಮಾರುವಂತಿಲ್ಲ, ಸಾಕಲಾಗದಿದ್ದರೆ ನಿಮಗೇ ಹಿಂತಿರುಗಿಸಬೇಕು. ಸಾಗಿಸುವ ದಿನ ವೈದ್ಯರ ಪ್ರಮಾಣಪತ್ರ ಗಾಡಿಯಲ್ಲಿರಲಿ. ಜೊತೆಗೆ ಅದು ಈಗ ತಿನ್ನುತ್ತಿರುವ ಮೇವನ್ನೇ ಒಂದು ವಾರಕ್ಕಾಗುವಷ್ಟು ಕಟ್ಟಿ ಕಳುಹಿಸಿ. ಹೊಸ ಮೇವನ್ನು ಅದರೊಂದಿಗೆ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಬೆರೆಸುತ್ತ ಬರಲಿ.